ಪಡೆದುಕೊಂಡವರ ಸಹಿ

ನಮ್ಮ ಊರಿನ ಪೊಲೀಸ್ ಠಾಣೆಯ ಜಗಲಿಯ ಮೇಲೆ ಒಂದು ಉದ್ದನೆಯ ಬೆಂಚಿದೆ. ಊರಲ್ಲಿ ಯಾರದ್ದಾದರೂ ವಸ್ತುವನ್ನು ಇನ್ಯಾರಾದರೂ ಎತ್ತಿಕೊಂಡು ಹೋದರೆ, ಮರುದಿನ ಬೆಳಕು ಹರಿಯುವಷ್ಟರಲ್ಲಿ ಅದು ಆ ಬೆಂಚಿಗೆ ಬಂದಿರುತ್ತದೆ. ಹಿತ್ತಾಳೆ ಕೊಳಗ, ಕೋಳಿ, ಸೈಕಲ್ಲು, ಶಾಲೆಯ ಗಂಟೆ, ಒಮ್ಮೆ ಒಂದು ಜೊತೆ ಕಟ್ಟಿಸಿದ ಹಲ್ಲು. ಹೊಲದ ಬದುವಿನ ಕಲ್ಲೊಂದು ಬಂದಿದ್ದಾಗ ಅದನ್ನು ವಾಪಸು ಹೊರಲು ನಾಲ್ಕು ಜನ ಬೇಕಾಯಿತು. ಹೇಗೆ ಬರುತ್ತವೆ ಎಂದು ಕಂಡವರಿಲ್ಲ. ಬೆಳಗಿನ ಐದರಿಂದ ಐದೂವರೆಯ ಒಳಗೆ ಬರುತ್ತವೆ ಎಂಬುದಷ್ಟೇ ಗೊತ್ತು. ನಾನು ಬೂಟಿನ ಲೇಸು ಕಟ್ಟಲು ಬಗ್ಗುತ್ತೇನೆ, ಎದ್ದು ನೋಡುತ್ತೇನೆ, ಅಷ್ಟರಲ್ಲಿ ಬಂದಿರುತ್ತವೆ.

ನಾನೆಂದರೆ ಆ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಹೊನ್ನಯ್ಯ. ಊರವರ ಬಾಯಲ್ಲಿ ದಫೇದಾರ. ಬಂದದ್ದನ್ನು ವಾರಸುದಾರರ ಮನೆಗೆ ತಲುಪಿಸುವುದು ನನ್ನ ಕೆಲಸ. ಅದಕ್ಕೆಂದೇ ಒಂದು ದಪ್ಪ ರಿಜಿಸ್ಟರ್ ಇದೆ. ಅದರಲ್ಲಿ ನಾಲ್ಕು ಕಾಲಂ. ವಸ್ತುವಿನ ವಿವರ, ವಾರಸುದಾರರ ಹೆಸರು, ತಲುಪಿಸಿದ ದಿನ, ಪಡೆದುಕೊಂಡವರ ಸಹಿ. ತೆಗೆದುಕೊಂಡು ಹೋಗಿದ್ದು ಯಾರು ಎಂದು ಬರೆಯಲು ಕಾಲಂ ಇಲ್ಲ, ಏಕೆಂದರೆ ನಮ್ಮಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಕಳೆದುಕೊಂಡವನೂ ಕೇಳುವುದಿಲ್ಲ. ವಸ್ತು ಮನೆಗೆ ಬಂದಮೇಲೆ ಆ ಮಾತೆತ್ತುವುದು ಮರ್ಯಾದಸ್ಥರ ಲಕ್ಷಣವಲ್ಲ.

ಹಾಗಾಗಿ ನಮ್ಮ ಊರು ಬಹಳ ಶಾಂತಿಯಿಂದಿರುವ ಊರು. ಪಕ್ಕದ ಮನೆಯ ರುಬ್ಬುವ ಗುಂಡನ್ನು ಎತ್ತಿಕೊಂಡು ಬಂದು ಹಬ್ಬದ ವಡೆಗೆ ರುಬ್ಬಿಕೊಳ್ಳುವವರಿದ್ದಾರೆ. ಸಂತೆಗೆ ಹೋಗಲು ಯಾರದ್ದೋ ಸೈಕಲ್ ಏರಿ ಹೋಗಿ, ಕತ್ತಲಾದಮೇಲೆ ಎಲ್ಲೆಂದರಲ್ಲಿ ಬಿಟ್ಟುಬಿಡುವವರಿದ್ದಾರೆ. ಹೇಗಿದ್ದರೂ ಬೆಂಚಿಗೆ ಬರುತ್ತದೆ, ಹೇಗಿದ್ದರೂ ದಫೇದಾರ ತಲುಪಿಸುತ್ತಾನೆ. ಮನೆಗಳಿಗೆ ಅಗುಳಿ ಮಾತ್ರ, ಬೀಗವಿಲ್ಲ. ಕಬ್ಬಿಣದ ಅಂಗಡಿಯವನು ವರ್ಷಕ್ಕೊಂದು ಬೀಗ ಮಾರಿದರೆ ಹೆಚ್ಚು. ಅದನ್ನೂ ಕೊಳ್ಳುವವನು ಒಬ್ಬನೇ, ಸೋಡಾ ಫ್ಯಾಕ್ಟರಿಯ ವೀರಭದ್ರಪ್ಪ.

ಒಂದು ಮಾತನ್ನು ಈಗಲೇ ಹೇಳಿಬಿಡಬೇಕು. ವಸ್ತುವನ್ನು ವಾರಸುದಾರರಲ್ಲದವರಿಗೆ ಕೊಟ್ಟರೆ ಅದು ಮರುದಿನ ಮತ್ತೆ ಬೆಂಚಿಗೆ ಬರುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮೇಕೆ ಬಂತು. ಅದು ಹೊಲೆಮನೆ ಕಡೆಯ ಒಬ್ಬ ಮುದುಕಿಯದು ಎಂದು ಎಲ್ಲರಿಗೂ ಗೊತ್ತಿತ್ತು. ಊರ ಪಟೇಲರು ತಮ್ಮದೆಂದರು. ಆಗಿನ ಸಾಹೇಬರು ಪಟೇಲರಿಗೇ ಕೊಡಿಸಿದರು. ಮರುದಿನ ಮೇಕೆ ಬಂತು, ಸ್ವಲ್ಪ ತೆಳ್ಳಗಾಗಿತ್ತು. ಮತ್ತೆ ಅವರಿಗೇ ಕೊಟ್ಟೆವು. ಮೂರನೇ ದಿನ ಬಂದಾಗ ಅದು ಬಾಯಿ ತೆರೆದು ಅರಚುತ್ತಿತ್ತು, ಸದ್ದೇ ಇರಲಿಲ್ಲ. ಅದರ ಹೊಟ್ಟೆಯ ಆಚೆಗೆ ಗೋಡೆಯ ಸುಣ್ಣ ಮಸುಕಾಗಿ ಕಾಣುತ್ತಿತ್ತು. ಸಾಹೇಬರು ನನ್ನ ಮುಖ ನೋಡಲಿಲ್ಲ, ಕೈ ಬೀಸಿ ಪಟೇಲರ ಮನೆಯ ದಾರಿ ತೋರಿಸಿದರು. ನಾಲ್ಕನೇ ದಿನ ಬಂದದ್ದು ಹಗ್ಗ ಮತ್ತು ಕೊರಳಿನ ಗಂಟೆ. ಐದನೇ ದಿನ ಏನೂ ಬರಲಿಲ್ಲ. ಮುದುಕಿ ಆ ಹಗ್ಗವನ್ನು ಬೇಡವೆಂದಳು. ಅದು ಗಂಟೆಯ ಸಮೇತ ಈಗಲೂ ಠಾಣೆಯ ಉಗ್ರಾಣದ ಮೊಳೆಗೆ ನೇತುಬಿದ್ದಿದೆ.

ಇಪ್ಪತ್ತಾರು ವರ್ಷದಿಂದ ನಾನು ಒಂದು ದಿನವೂ ತಪ್ಪದೆ ಬೆಳಗಿನ ಐದಕ್ಕೆ ಠಾಣೆಯಲ್ಲಿರುತ್ತೇನೆ. ರಾತ್ರಿ ಪಾರಾ ಕಾಯುವ ಕಾನ್‌ಸ್ಟೇಬಲ್‌ನನ್ನು ಟೀ ಕುಡಿಯಲು ಕಳಿಸಿ ನಾನೇ ನಿಲ್ಲುತ್ತೇನೆ. ನೂರಮೂರು ಡಿಗ್ರಿ ಜ್ವರದಲ್ಲೂ ಕಂಬಳಿ ಹೊದ್ದು ಬಂದಿದ್ದೇನೆ. ಊರು ಬಿಟ್ಟು ಒಂದು ರಾತ್ರಿ ಬೇರೆಡೆ ಮಲಗಿಲ್ಲ. ಹೆಂಡತಿ ವನಮಾಲ ಎಷ್ಟೋ ಸಲ ತಿರುಪತಿಗೆ ಹೋಗೋಣವೆಂದಳು, ಅಕ್ಕನ ಮಗಳ ಮದುವೆಗೆ ಹೋಗೋಣವೆಂದಳು. ಡ್ಯೂಟಿ ಎಂದೆ. ಒಬ್ಬಳೇ ಹೋಗುತ್ತೇನೆ ಎಂದರೆ ಅದೂ ಬೇಡವೆಂದೆ. ಕರ್ತವ್ಯನಿಷ್ಠೆ ಎಂದು ನನಗೊಂದು ಮೆಡಲ್ ಕೂಡ ಕೊಟ್ಟಿದ್ದಾರೆ. ಅದನ್ನು ವನಮಾಲ ದೇವರ ಮನೆಯ ಗೂಡಿನಲ್ಲಿ ಬೆಂಕಿಪೊಟ್ಟಣದ ಪಕ್ಕ ಇಟ್ಟಿದ್ದಾಳೆ.

ಹೋದ ವರ್ಷ ಹೊಸ ಸಬ್ ಇನ್‌ಸ್ಪೆಕ್ಟರ್ ಬಂದರು, ಪ್ರಭುಲಿಂಗ ಎಂದು ಹೆಸರು. ಹೊರಗಿನವರು, ವಯಸ್ಸು ಇಪ್ಪತ್ತೇಳೋ ಎಂಟೋ. ಮೊದಲ ದಿನವೇ ರಿಜಿಸ್ಟರ್ ತರಿಸಿಕೊಂಡು ಪುಟ ಮಗುಚಿದರು.

"ಇದರಲ್ಲಿ ತಗೊಂಡೋರ ಹೆಸರೇ ಇಲ್ವಲ್ಲ, ಹೊನ್ನಯ್ಯನೋರೆ?"

"ಅದನ್ನ ನಾವು ಕೇಳಲ್ಲ ಸಾರ್."

"ಕೇಳ್ದೆ ಇದ್ರೆ ನಾಳೆ ಅವನೇ ಮತ್ತೆ ತಗೊಳ್ತಾನೆ."

"ತಗೊಂಡ್ರೆ ನಾಳಿದ್ದು ಮತ್ತೆ ಬತ್ತದೆ ಸಾರ್."

ಅವರು ಪೆನ್ನಿನ ಕ್ಯಾಪನ್ನು ಹಾಕಿ, ತೆಗೆದು, ಮತ್ತೆ ಹಾಕಿದರು. "ಪೊಲೀಸ್ ಅಂತ ಇರೋದು ಯಾತಕ್ಕೆ ಹೇಳಿ ನೋಡೋಣ."

"ತಲುಪ್ಸಕ್ಕೆ ಸಾರ್."

"ಅದನ್ನ ಪೋಸ್ಟ್‌ಮ್ಯಾನೂ ಮಾಡ್ತಾನೆ" ಎಂದರು.

ಪೋಸ್ಟ್‌ಮ್ಯಾನ್ ಎಂದ ತಕ್ಷಣ ನನ್ನ ಕೈ ಅಂಗಿಯ ಜೇಬಿನ ಮೇಲೆ ಹೋಯಿತು. ಸಾಹೇಬರು ಗಮನಿಸಲಿಲ್ಲ. ಟ್ರೈನಿಂಗಿನಲ್ಲಿ ಕಲಿತದ್ದನ್ನು ಹೇಳತೊಡಗಿದರು. ಠಾಣೆಗೆ ಜನ ಬರದೇ ಇರುವುದು, ಬರುವ ಅಗತ್ಯವೇ ಬೀಳದಿರುವುದು, ಅದೇ ಒಳ್ಳೆಯ ಪೊಲೀಸ್ ಕೆಲಸದ ಗುರುತಂತೆ. ವಸ್ತುವನ್ನಲ್ಲ, ಮನುಷ್ಯರನ್ನು ಕಾಯಬೇಕಂತೆ. ನಾನು ಹೌದು ಸಾರ್ ಹೌದು ಸಾರ್ ಎಂದೆ. ಹೊಸ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದ ಹಾಗೆ ಎಂದು ಮನಸ್ಸಿನಲ್ಲೇ ನಕ್ಕೆ. ಇವರಂಥ ಆರು ಜನ ಸಾಹೇಬರನ್ನು ಆ ಕುರ್ಚಿಯಲ್ಲಿ ನೋಡಿದ್ದೇನೆ.

ಅದಾಗಿ ಮೂರು ತಿಂಗಳಿಗೆ, ಒಂದು ಬೆಳಿಗ್ಗೆ ಲೇಸು ಕಟ್ಟಿ ತಲೆ ಎತ್ತಿದಾಗ ಬೆಂಚಿನ ಮೇಲೆ ಒಬ್ಬಳು ಹೆಂಗಸು ಕೂತಿದ್ದಳು. ಮೂವತ್ತರ ಆಸುಪಾಸು. ಮನೆಯಲ್ಲಿ ಉಡುವ ಸೀರೆ, ಕಾಲಿಗೆ ಚಪ್ಪಲಿಯಿಲ್ಲ. ಎರಡೂ ಕೈಯನ್ನು ತೊಡೆಯ ಮೇಲೆ ಜೋಡಿಸಿ, ಯಾರೋ ತಂದು ಇಟ್ಟ ಹಾಗೆ ಕೂತಿದ್ದಳು. ಅವಳಿಂದ ಒಂದು ಗೇಣು ಆಚೆಗೆ ಒಂದು ಕಂದು ಲಕೋಟೆ ಬಿದ್ದಿತ್ತು.

ನಾನು ಮೊದಲು ಲಕೋಟೆಯನ್ನು ಎತ್ತಿ ಜೇಬಿಗೆ ಇಳಿಸಿದೆ. ಆಮೇಲೆ ಅವಳ ಮುಖ ನೋಡಿದೆ. ನಾನು ಎಂಥವನು ಎಂದು ತಿಳಿಯಬೇಕಾದವರಿಗೆ ಇಷ್ಟು ಸಾಕು.

ಆ ಲಕೋಟೆಯ ವಿಷಯ ಹೇಳುತ್ತೇನೆ. ವನಮಾಲ ನನ್ನನ್ನು ಮದುವೆಯಾಗುವ ಹೊತ್ತಿಗೆ ಟೀಚರ್ ಟ್ರೈನಿಂಗ್ ಮುಗಿಸಿದ್ದಳು. ಮದುವೆಯಾದ ವರ್ಷ ಅವಳಿಗೆ ನೇಮಕದ ಆದೇಶ ಬಂತು, ಇಲ್ಲಿಂದ ಅರ್ಧ ದಿನದ ದಾರಿಯ ಒಂದು ಶಾಲೆಗೆ. ಪೋಸ್ಟ್‌ಮ್ಯಾನ್ ಅದನ್ನು ಠಾಣೆಯಲ್ಲೇ ನನ್ನ ಕೈಗೆ ಕೊಟ್ಟ. ಹೊಸ ಹೆಂಡತಿ ಎಲ್ಲೋ ಒಂದು ಊರಿನಲ್ಲಿ ರೂಮು ಮಾಡಿಕೊಂಡು ಇರುವುದನ್ನು ನೆನೆದು ನನಗೆ ಮೈ ಉರಿಯಿತು. ಲಕೋಟೆಯನ್ನು ಬಚ್ಚಿಟ್ಟೆ. ಮರುದಿನ ಅದು ಬೆಂಚಿನ ಮೇಲಿತ್ತು. ಬಚ್ಚಲ ಒಲೆಗೆ ಹಾಕಿ ಸುಟ್ಟೆ. ಮರುದಿನ ಬೆಂಚಿನ ಮೇಲಿತ್ತು, ಅಂಚು ಸಹ ಕಪ್ಪಾಗಿರಲಿಲ್ಲ. ಅಂದಿನಿಂದ ದಿನಾ ಬರುತ್ತದೆ. ಮೇಕೆಯ ಹಾಗೆ ಮಾಸುವುದೂ ಇಲ್ಲ. ಮೊದಲ ದಿನದ ಹಾಗೇ ಗಂಜಿ ಹಾಕಿದಂತೆ ಗರಿಗರಿ, ಅಂಟಿನ ವಾಸನೆ ಕೂಡ ಹಾಗೇ. ಯಾರಾದರೂ ನೋಡುವ ಮೊದಲು ನಾನು ಅದನ್ನು ಎತ್ತಿಕೊಳ್ಳಬೇಕು. ನನ್ನ ಐದು ಗಂಟೆಯ ಗುಟ್ಟು ಇಷ್ಟೇ. ವನಮಾಲ ಎರಡು ವರ್ಷ ಪೋಸ್ಟಿನವನ ದಾರಿ ಕಾದಳು, ಆಮೇಲೆ ಬಿಟ್ಟಳು. ಜೂನ್ ತಿಂಗಳಲ್ಲಿ ಶಾಲೆ ಶುರುವಾದ ದಿನ ಮಾತ್ರ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. ಎರಡನೇ ಗಂಟೆ ಹೊಡೆದಮೇಲೆ ಒಳಗೆ ಹೋಗುತ್ತಾಳೆ.

ಬೆಂಚಿನ ಮೇಲಿದ್ದವಳನ್ನು ನಾನು ಗುರುತು ಹಿಡಿಯಲು ಹೊತ್ತಾಯಿತು, ಏಕೆಂದರೆ ಅವಳು ಮನೆಯಿಂದ ಹೊರಗೆ ಬಂದದ್ದನ್ನು ಏಳು ವರ್ಷದಿಂದ ಊರಲ್ಲಿ ಯಾರೂ ನೋಡಿರಲಿಲ್ಲ. ಸೋಡಾ ಫ್ಯಾಕ್ಟರಿ ವೀರಭದ್ರಪ್ಪನ ಹೆಂಡತಿ, ಚೆಲುವಾಂಬ. ವೀರಭದ್ರಪ್ಪ ಒಳ್ಳೆಯ ಮನುಷ್ಯ ಎಂದೇ ಎಲ್ಲರ ಮಾತು. ಜೋರು ದನಿಯಿಲ್ಲ, ಕುಡಿತವಿಲ್ಲ, ಕೈ ಎತ್ತಿದವನಲ್ಲ. ಆಗಸ್ಟ್ ಹದಿನೈದಕ್ಕೆ ಠಾಣೆಗೆ ಎರಡು ಕ್ರೇಟ್ ಸೋಡಾ ಕಳಿಸುತ್ತಾನೆ. ಫ್ಯಾಕ್ಟರಿಗೆ ಹೊರಟಾಗ ಮನೆಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾನೆ, ಅಷ್ಟೇ.

"ಏನಮ್ಮಾ, ಇಲ್ಲಿ?" ಎಂದೆ.

"ನಂಗೊತ್ತಿಲ್ಲ ಅಣ್ಣ" ಎಂದಳು. "ಕಣ್ಣು ಬಿಟ್ಟಾಗ ಇಲ್ಲಿದ್ದೆ."

ನಾನು ರಿಜಿಸ್ಟರ್ ತೆಗೆದೆ. ವಸ್ತುವಿನ ವಿವರ ಎಂಬಲ್ಲಿ ಒಂದು ಗಳಿಗೆ ತಡೆದು ಅವಳ ಹೆಸರು ಬರೆದೆ. ವಾರಸುದಾರರ ಹೆಸರು ಎಂಬಲ್ಲಿ ಯೋಚಿಸಲೂ ಇಲ್ಲ, ವೀರಭದ್ರಪ್ಪ ಎಂದು ಬರೆದೆ. ಸಾಹೇಬರು ಬರುವುದು ಹತ್ತಕ್ಕೆ. ಏಳಕ್ಕೇ ಅವಳನ್ನು ಮನೆಗೆ ನಡೆಸಿಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಎರಡೂ ಕಡೆ ತಿರುತಿರುಗಿ ನೋಡುತ್ತಾ ಬಂದಳು. ಹೊಸದಾಗಿ ಕಟ್ಟಿದ ನೀರಿನ ಟ್ಯಾಂಕನ್ನು ಕಂಡು, "ಇದ್ಯಾವಾಗ ಆಯ್ತಣ್ಣ?" ಎಂದು ಕೇಳಿದಳು. ಟ್ಯಾಂಕು ಕಟ್ಟಿ ಐದು ವರ್ಷವಾಗಿತ್ತು.

ವೀರಭದ್ರಪ್ಪ ರಾತ್ರಿ ಬಾಗಿಲಿಗೆ ಒಳಗಿನಿಂದ ಹಾಕಿಕೊಂಡ ಬೀಗ ಹಾಗೆಯೇ ಇತ್ತು. ಅವನು ಬೀಗ ತೆಗೆದು, ಹೆಂಡತಿಯನ್ನು ನೋಡಿ ಗಾಬರಿಯಾದ. ನಾನು ರಿಜಿಸ್ಟರ್ ಮುಂದೆ ಹಿಡಿದೆ. ನೀಟಾಗಿ ಸಹಿ ಹಾಕಿದ. "ತುಂಬಾ ಉಪಕಾರವಾಯ್ತು ದಫೇದಾರ್ರೆ, ಕಾಲ ಕೆಟ್ಟೋಗಿದೆ ನೋಡಿ" ಎಂದ. ಬಾಗಿಲು ಮುಚ್ಚಿತು.

ಹತ್ತಕ್ಕೆ ಸಾಹೇಬರು ಬಂದು ಪುಟ ನೋಡಿ ನನ್ನ ಮೇಲೆ ಕೂಗಾಡಿದರು. "ಮನುಷ್ಯರನ್ನ ವಸ್ತುವಿನ ಕಾಲಂನಲ್ಲಿ ಬರೀತೀರೇನ್ರೀ?" ಬೇರೆ ಕಾಲಂ ಇಲ್ಲ ಸಾರ್ ಎಂದೆ. ಸುಳ್ಳು ಹೇಳಿರಲಿಲ್ಲ.

ಮರುದಿನ ಅವಳು ಮತ್ತೆ ಬಂದಳು.

ಲೇಸು ಕಟ್ಟಿ ತಲೆ ಎತ್ತುವ ಮೊದಲೇ ನನಗೆ ಗೊತ್ತಾಯಿತು, ಉಗ್ರಾಣದಲ್ಲಿ ಮೇಕೆಯ ಗಂಟೆ ಒಂದು ಸಲ ಅಲುಗಿತು. ಅವಳು ಅದೇ ಜಾಗದಲ್ಲಿ ಅದೇ ರೀತಿ ಕೂತಿದ್ದಳು. ಸೀರೆಯ ಬಣ್ಣ ನಿನ್ನೆಗಿಂತ ತೆಳುವಾಗಿತ್ತು. ನೂರು ಸಲ ಒಗೆದ ಬಟ್ಟೆಯ ಹಾಗೆ ಅವಳ ಮುಖವೂ ಮಾಸಿತ್ತು. ಲಕೋಟೆ ಅವಳ ಮೊಣಕಾಲಿಗೆ ತಾಗಿಕೊಂಡಿತ್ತು. ಎತ್ತಿಕೊಳ್ಳುವಾಗ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

ಈ ಸಲ ನಾನು ಸಾಹೇಬರನ್ನು ಮನೆಯಿಂದ ಕರೆಸಿದೆ. ಠಾಣೆಯಲ್ಲಿ ಮಹಿಳಾ ಸಿಬ್ಬಂದಿ ಇಲ್ಲದ್ದರಿಂದ ವನಮಾಲಳಿಗೂ ಹೇಳಿಕಳಿಸಿದೆ. ಅವಳು ಒಂದು ಡಬ್ಬಿ ಉಪ್ಪಿಟ್ಟು, ಒಂದು ಬಾಚಣಿಗೆ ತಂದಳು. ಚೆಲುವಾಂಬಳ ಪಕ್ಕ ಕೂತು ತಲೆ ಬಾಚತೊಡಗಿದಳು. ಸಾಹೇಬರು ಎದುರಿಗೆ ಸ್ಟೂಲ್ ಎಳೆದುಕೊಂಡು ಮೆಲ್ಲಗೆ ಕೇಳಿದರು.

"ಮೊನ್ನೆ ಏನಾಯ್ತು ಹೇಳಿ."

ಅವಳ ದನಿ ಬಹಳ ದೂರದಿಂದ ಬಂತು. "ಹಿಂದ್ಗಡೆ ಒಂದು ಕಿಟಕಿ ಇತ್ತು ಸಾರ್, ಬೀದಿಗೆ. ಅಲ್ಲಿ ಸೊಪ್ಪಿನವ್ಳು ಬರೋಳು. ಸ್ಕೂಲ್ ಮಕ್ಳು ಅಕ್ಕಾ ಅಂತ ಕೂಗ್ಕೊಂಡು ಹೋಗೋವು. ಮೊನ್ನೆ ನಮ್ಮನೆಯೋರು ಗಾರೆಯವನ್ನ ಕರ್ಸಿ ಅದನ್ನ ಮುಚ್ಚಿಸ್ಬುಟ್ರು. ಧೂಳು ಬತ್ತದೆ ಅಂತ."

"ನೀವು ಬೇಡ ಅನ್ನಲಿಲ್ವಾ?"

"ಅಂದೆ. ಏನೂ ಬಯ್ಲಿಲ್ಲ. ನಿನ್ನ ಒಳ್ಳೇದಕ್ಕೇ ಅಂದ್ರು."

ಅವಳು ಅಷ್ಟು ಹೇಳುವಷ್ಟರಲ್ಲಿ ದಣಿದುಹೋದಳು. ಸಾಹೇಬರು ನನ್ನನ್ನು ಒಳಗೆ ಕರೆದು, ಗಂಡನ ಮನೆಗೆ ಮಾತ್ರ ಕಳಿಸಕೂಡದು, ತವರಿಗೆ ಕಳಿಸೋಣ ಎಂದರು. ಅಲ್ಲಿಯೇ ಅವರೂ ಎಡವಿದರು. ಟ್ರೈನಿಂಗಿನಲ್ಲಿ ಏನೇ ಕಲಿತಿದ್ದರೂ ಮೂರು ತಿಂಗಳಲ್ಲಿ ನಮ್ಮ ಊರಿನ ನೀರು ಅವರ ಹೊಟ್ಟೆಗೂ ಇಳಿದಿತ್ತು. ಯಾರಿಗಾದರೂ ತಲುಪಿಸಲೇಬೇಕು ಎಂದು ಅವರಿಗೂ ಅನ್ನಿಸಿತು. ಹಿಟ್ಟಿನ ಗಿರಣಿ ಇಟ್ಟಿರುವ ಅವಳ ಅಣ್ಣ ಬಂದ. ಕೈಯ ಹಿಟ್ಟು ಒರೆಸಿಕೊಂಡು ಸಹಿ ಹಾಕಿದ. "ನಾಲ್ಕು ದಿನ ಇಟ್ಕೊಂಡು, ಬುದ್ಧಿ ಹೇಳಿ ಭಾವನ ಮನೆಗೆ ಬಿಡ್ತೀನಿ" ಎಂದ. ವನಮಾಲ ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲನ್ನು ತೆಗೆದು ಬೆರಳಿಗೆ ಸುತ್ತಿಕೊಳ್ಳುತ್ತಾ ಅವನನ್ನೇ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ಸಂಜೆ ಅಣ್ಣನಿಗೆ ನಾಲ್ಕು ದಿನ ಕಾಯುವ ತಾಳ್ಮೆ ಇರಲಿಲ್ಲವೆಂದೂ, ದೀಪ ಹಚ್ಚುವ ಹೊತ್ತಿಗೆ ಅವಳನ್ನು ವೀರಭದ್ರಪ್ಪನ ಮನೆಗೆ ಬಿಟ್ಟುಬಂದನೆಂದೂ ಸುದ್ದಿ ಬಂತು.

ಮೂರನೇ ದಿನ ಬೆಳಿಗ್ಗೆ ನಾನು ಲೇಸು ಕಟ್ಟಲಿಲ್ಲ. ಬೆಂಚಿನ ಕಡೆಗೇ ಕಣ್ಣು ನೆಟ್ಟು ನಿಂತೆ. ರೆಪ್ಪೆ ಬಡಿದೆ ಅಷ್ಟೇ.

ಬಂದಿದ್ದಳು. ಬೆಂಚಿನ ಹಲಗೆಗೆ ಹೊಡೆದ ಮೊಳೆಗಳ ತಲೆ ಅವಳ ತೊಡೆಯ ಮೂಲಕ ಕಾಣುತ್ತಿತ್ತು. ಕಣ್ಣು ಮಾತ್ರ ಗಟ್ಟಿಯಾಗಿತ್ತು. ಬೆಳಗಿನ ಗಾಳಿಗೆ ಅವಳ ಸೆರಗು ಅಲುಗಲಿಲ್ಲ, ಗಾಳಿ ಅವಳ ಒಳಗಿಂದಲೇ ಹಾದುಹೋಗುತ್ತಿತ್ತು. ನನಗೆ ಮೇಕೆಯ ನೆನಪಾಯಿತು. ಇವಳನ್ನು ಇನ್ನೊಂದು ಸಲ ತಪ್ಪಿ ತಲುಪಿಸಿದರೆ ನಾಳೆ ಬೆಂಚಿಗೆ ಬರುವುದು ಒಂದು ಜೊತೆ ಬಳೆ, ಒಂದು ಬಾಚಿದ ಕೂದಲ ಎಳೆ. ನಾಳಿದ್ದು ಏನೂ ಇಲ್ಲ.

ಲಕೋಟೆ ಬೆಂಚಿನ ಮೇಲಿರಲಿಲ್ಲ. ಅವಳು ಅದನ್ನು ಕೈಯಲ್ಲಿ ಹಿಡಿದಿದ್ದಳು. ಆ ಬೆರಳುಗಳ ಆಚೆಗೆ ವಿಳಾಸ ಸ್ಪಷ್ಟವಾಗಿ ಓದಬಹುದಿತ್ತು. ಶ್ರೀಮತಿ ವನಮಾಲ. ಅವಳು ಅದನ್ನು ಓದಿದ್ದಾಳೆ, ನಿನ್ನೆ ಯಾರು ತನ್ನ ತಲೆ ಬಾಚಿದರೆಂದು ಅವಳಿಗೆ ಗೊತ್ತಿದೆ, ನಾನು ಎರಡು ದಿನ ಅವಳ ಕಣ್ಣೆದುರಿಗೇ ಅದನ್ನು ಜೇಬಿಗೆ ಹಾಕಿಕೊಂಡದ್ದೂ ಗೊತ್ತಿದೆ. ನಾನು ಕೈ ಚಾಚಿದೆ. ಅವಳು ಕೊಟ್ಟಳು. ಬಾಯಿ ತೆರೆದು ಏನೋ ಕೇಳಿದಳು, ಸದ್ದು ಬರಲಿಲ್ಲ. ಏನು ಕೇಳಿರಬಹುದೆಂದು ನನಗೆ ಗೊತ್ತಿತ್ತು, ಅದಕ್ಕೇ ಕೇಳಿಸದಿದ್ದದ್ದು ಸಮಾಧಾನವಾಯಿತು. ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ಸಾಹೇಬರು ಬಂದರು. ವನಮಾಲ ಬಂದಳು. ಬೆಂಚಿನ ಬಳಿ ಹೋಗಿ ಚೆಲುವಾಂಬಳ ಭುಜ ಮುಟ್ಟಲು ಹೋದವಳು ಕೈ ಹಿಂದೆ ತೆಗೆದುಕೊಂಡಳು. ಸಾಹೇಬರ ಮುಖ ಬಿಳಿಚಿಕೊಂಡಿತ್ತು. ಜಿಲ್ಲಾ ಕೇಂದ್ರಕ್ಕೆ ಬರೆಯೋಣ, ಆಶ್ರಮಕ್ಕೆ ಒಪ್ಪಿಸೋಣ, ಅವರಿಂದ ಸಹಿ ತೆಗೆದುಕೊಳ್ಳೋಣ ಎಂದೆಲ್ಲ ಅನ್ನತೊಡಗಿದರು.

ವನಮಾಲ ನನ್ನ ಕಡೆ ತಿರುಗಿದಳು. "ರೀ, ಯಾರಿಗೆ ಕೊಡ್ಬೇಕು ಅಂತ ಅವಳ್ನ ಕೇಳಿದ್ರಾ?"

ಇಪ್ಪತ್ತಾರು ವರ್ಷದಲ್ಲಿ ಒಂದು ಮೇಕೆಯನ್ನೂ ನಾನು ನಿನ್ನ ಮನೆ ಯಾವುದು ಎಂದು ಕೇಳಿದವನಲ್ಲ. ಆದರೆ ಇದು ಮೇಕೆಯಲ್ಲ. ಅದು ನನಗೆ ಆ ಕ್ಷಣದಲ್ಲಷ್ಟೇ ಹೊಳೆಯಿತು ಎಂದು ಹೇಳಿಕೊಳ್ಳಲು ಈಗಲೂ ಮುಜುಗರವಾಗುತ್ತದೆ. ರಿಜಿಸ್ಟರ್ ತೆಗೆದೆ. ವಾರಸುದಾರರ ಹೆಸರು ಎಂಬ ಕಾಲಂನಲ್ಲಿ ಚೆಲುವಾಂಬ ಎಂದು ಬರೆದೆ. ಪುಟವನ್ನು ಅವಳ ಕಡೆ ತಿರುಗಿಸಿ ಬೆಂಚಿನ ಮೇಲಿಟ್ಟು ಪೆನ್ನು ಕೊಟ್ಟೆ.

"ನೋಡಿಕೊಂಡು ಸಹಿ ಹಾಕಮ್ಮ. ನಿಂದೇ ಅಂತ ಗ್ಯಾರಂಟಿ ಇದ್ರೆ ಮಾತ್ರ."

ಪೆನ್ನು ಅವಳ ಬೆರಳಿನಿಂದ ಎರಡು ಸಲ ಜಾರಿ ಬಿತ್ತು. ವನಮಾಲ ಎತ್ತಿಕೊಟ್ಟಳು. ಮೂರನೇ ಸಲ ನಿಂತಿತು. ಅವಳು ಒಂದೊಂದೇ ಅಕ್ಷರ ಬರೆದಳು. ಮೊದಲ ಅಕ್ಷರ ನೀರಿನಲ್ಲಿ ಬರೆದಂತೆ ಕಂಡೂ ಕಾಣದಂತಿತ್ತು. ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ನಿಬ್ಬು ಕಾಗದವನ್ನು ಕೊರೆಯುತ್ತಿತ್ತು. ಅದೇ ಹೊತ್ತಿಗೆ ಬೆಂಚು ಕಿರ್ ಎಂದಿತು. ಅಷ್ಟೂ ವರ್ಷದಲ್ಲಿ ಬಂದ ವಸ್ತುಗಳಲ್ಲಿ ಯಾವುದರ ಭಾರಕ್ಕೂ ಆ ಬೆಂಚು ಸದ್ದು ಮಾಡಿದ್ದನ್ನು ನಾನು ಕೇಳಿರಲಿಲ್ಲ.

"ನೀರು" ಎಂದಳು ಚೆಲುವಾಂಬ. ಮೂರು ಲೋಟ ಕುಡಿದಳು.

ವೀರಭದ್ರಪ್ಪ ಬಂದದ್ದು ಆಗ. ಅವನ ಹಿಂದೆ ಗಿರಣಿಯ ಅಣ್ಣ. ವೀರಭದ್ರಪ್ಪ ಎಂದಿನ ಮೆತ್ತಗಿನ ದನಿಯಲ್ಲೇ, "ಕೊಡಿ ದಫೇದಾರ್ರೆ, ಸಹಿ ಹಾಕ್ತೀನಿ" ಎಂದು ಕೈ ಚಾಚಿದ.

"ಆಯ್ತಲ್ಲ ಸ್ವಾಮಿ, ತಲುಪಿಸಿದ್ದಾಯ್ತು."

"ಯಾರ್ಗೆ?"

ಪುಟ ತೋರಿಸಿದೆ. ಅವನು ಓದಿದ, ಮತ್ತೆ ಓದಿದ. "ಇದೆಂಥ ತಮಾಷೆ" ಎಂದ. ಅವನ ದನಿ ಏರಿದ್ದನ್ನು ನಾನು ಮೊದಲ ಸಲ ಕೇಳಿದ್ದು. "ಏಳು ವರ್ಷ ಗಾಜಿನ ಸೀಸೆ ಹಂಗೆ ನೋಡ್ಕೊಂಡಿದೀನಿ ಇವಳನ್ನ! ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ!"

"ಅವರನ್ನೇ ಕೇಳ್ತೀವಿ" ಎಂದರು ಪ್ರಭುಲಿಂಗ ಸಾಹೇಬರು. "ಅಮ್ಮಾ, ಎಲ್ಲಿಗೆ ಹೋಗ್ತೀರಿ?"

ಚೆಲುವಾಂಬ ಎದ್ದು ನಿಂತಳು. ಕಾಲು ನೆಲಕ್ಕೆ ಊರಿದೆಯೋ ಇಲ್ಲವೋ ಎಂದು ನೋಡಿಕೊಂಡಳು. "ಗೊತ್ತಿಲ್ಲ ಸಾರ್. ಮೊದ್ಲು ಒಸಿ ನಡೀತೀನಿ."

ವನಮಾಲ ತನ್ನ ಚಪ್ಪಲಿ ಬಿಟ್ಟು ಅವಳ ಮುಂದೆ ಸರಿಸಿದಳು. ಚೆಲುವಾಂಬ ಮೆಟ್ಟಲಿಳಿದು ಪೇಟೆ ಬೀದಿಯ ಆ ತುದಿಗೆ ಹೋದಳು, ತಿರುಗಿ ಬಂದಳು, ನೀರಿನ ಟ್ಯಾಂಕಿನ ಕೆಳಗೆ ನಿಂತು ಮೇಲೆ ನೋಡಿದಳು, ಮತ್ತೆ ಹೋದಳು. ವೀರಭದ್ರಪ್ಪ ಹಿಂದೆ ಹೊರಟ. ಸಾಹೇಬರು ಟೋಪಿ ಹಾಕಿಕೊಂಡು ಇಬ್ಬರ ನಡುವೆ ನಡೆದರು. ಅವಳು ನಿಂತರೆ ಇವರೂ ನಿಲ್ಲುವರು, ಅವಳಿಂದ ಇಪ್ಪತ್ತು ಹೆಜ್ಜೆ ಹಿಂದೆ. ಅವನು ಬಂದರೆ ತಿರುಗಿ ನೋಡುವರು. ಲಾಠಿ ಎತ್ತಲಿಲ್ಲ, ಗದರಲಿಲ್ಲ. ಮಧ್ಯಾಹ್ನದವರೆಗೆ ಅವರು ಮಾಡಿದ ಪೊಲೀಸ್ ಕೆಲಸ ಅಷ್ಟೇ. ಅಂಗಡಿಗಳವರೆಲ್ಲ ಹೊರಗೆ ಬಂದು ನೋಡಿದರು. ಎರಡು ಗಂಟೆಯ ಬಸ್ಸು ಬಂದಾಗ ಅವಳು ಕೈ ಅಡ್ಡ ಹಿಡಿದು ಹತ್ತಿದಳು. ವನಮಾಲ ಕೈಗಿಟ್ಟ ದುಡ್ಡಿನಲ್ಲಿ ಎಲ್ಲಿಗೆ ಟಿಕೆಟ್ ತೆಗೆದುಕೊಂಡಳೋ ನಾವು ವಿಚಾರಿಸಲಿಲ್ಲ. ಮರುದಿನ ಬೆಂಚಿನ ಮೇಲೆ ಅವಳಿರಲಿಲ್ಲ, ಬಳೆಯಿರಲಿಲ್ಲ, ಕೂದಲಿರಲಿಲ್ಲ.

ಲಕೋಟೆ ಇತ್ತು.

ನಾನು ಅದನ್ನು ಎತ್ತಿ ಜೇಬಿನತ್ತ ಒಯ್ದೆ. ಕೈಗೆ ಇಪ್ಪತ್ತಾರು ವರ್ಷದ ಅಭ್ಯಾಸ. ಅಷ್ಟರಲ್ಲಿ ನನ್ನ ಕೈಯನ್ನೇ ನೋಡಿಕೊಂಡೆ. ಸೂರ್ಯ ಇನ್ನೂ ಹುಟ್ಟಿರಲಿಲ್ಲ, ಮಬ್ಬು ಬೆಳಕಿತ್ತು, ಅದಕ್ಕೇ ಹಾಗೆ ಕಂಡಿರಬಹುದು. ಬೆರಳುಗಳ ಆಚೆಗೆ ವಿಳಾಸದ ಅಕ್ಷರ ಕಾಣುತ್ತಿತ್ತು. ಅವಳ ಬೆರಳುಗಳಲ್ಲ, ನನ್ನವು. ಎಷ್ಟು ವರ್ಷದಿಂದ ಹೀಗಿತ್ತೋ, ನಾನು ಯಾವತ್ತೂ ನಿಂತು ನೋಡಿದವನಲ್ಲ.

ಪಾರಾ ಕಾನ್‌ಸ್ಟೇಬಲ್ ಟೀ ಮುಗಿಸಿ ಬರುವವರೆಗೂ ಲಕೋಟೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ. ಅವನು ನೋಡಿದ, ಏನು ದಫೇದಾರ್ರೆ ಅದು ಎಂದ. "ಒಂದು ಡೆಲಿವರಿ ಬಾಕಿ ಇದೆ" ಎಂದು ರಿಜಿಸ್ಟರ್ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೊರಟೆ.

ವನಮಾಲ ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದಳು. ಆ ಹೊತ್ತಿಗೆ ನಾನು ಮನೆಯಲ್ಲಿ ಕಾಣಿಸಿಕೊಂಡದ್ದು ನೋಡಿ, "ಯಾರ್ಗೇನಾಯ್ತು?" ಎಂದು ಎದ್ದಳು. ನಾನು ಮೊದಲು ಬರೆದೆ. ನೆಲದ ಮೇಲೆ ಕೂತು, ಅವಳ ಎದುರಿಗೇ ಬರೆದೆ. ವಸ್ತು, ನೇಮಕದ ಆದೇಶ ಒಂದು. ವಾರಸುದಾರರು, ವನಮಾಲ. ಲಕೋಟೆಯನ್ನು ಅವಳ ಮುಂದಿಟ್ಟೆ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಿಡಿಸಿದಳು. ಓದಿದಳು. ತಾರೀಖಿನ ಮೇಲೆ ಬೆರಳಿಟ್ಟಳು. ಒಲೆಯ ಮೇಲೆ ಹಾಲು ಉಕ್ಕಿ ಸುಟ್ಟ ವಾಸನೆ ಬಂತು. ಇಬ್ಬರೂ ಏಳಲಿಲ್ಲ. ಅವಳು ಅಳುತ್ತಾಳೆಂದು ನಾನು ಹೆದರಿದ್ದೆ. ಅಳಲಿಲ್ಲ, ಅದು ಇನ್ನೂ ಹೆದರಿಕೆಯಾಯಿತು. ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಿಚಿ ಮಡಿಲಲ್ಲಿ ಇಟ್ಟುಕೊಂಡು, ರಿಜಿಸ್ಟರ್ ಎಳೆದುಕೊಂಡು ಸಹಿ ಹಾಕಿದಳು. ಕರಿಹಲಗೆಯ ಮೇಲೆ ಬರೆದಂಥ ದುಂಡನೆಯ ಅಕ್ಷರ. ಆ ಅಕ್ಷರವನ್ನು ಇಷ್ಟು ವರ್ಷದಲ್ಲಿ ನಾನು ಸಾಮಾನಿನ ಚೀಟಿಯಲ್ಲಿ ಮಾತ್ರ ನೋಡಿದ್ದೆ.

ಆಮೇಲೆ ತಲೆ ಎತ್ತಿ ಕೇಳಿದಳು. "ಯಾರು ತಗೊಂಡಿದ್ದು?"

ನಮ್ಮ ಊರಲ್ಲಿ ಯಾರೂ ಯಾರನ್ನೂ ಕೇಳದ ಮಾತು ಅದು. ಅವಳ ದನಿಯಲ್ಲಿ ಗೊತ್ತಿಲ್ಲದವರ ದನಿ ಇರಲಿಲ್ಲ. ಎಷ್ಟು ವರ್ಷದಿಂದ ಗೊತ್ತಿತ್ತೋ ಕೇಳುವ ಧೈರ್ಯ ನನಗಿಲ್ಲ.

"ನಾನು" ಎಂದೆ.

"ಬರೀರಿ."

"ಅದಕ್ಕೆ ಕಾಲಂ ಇಲ್ಲ ವನಮಾಲ."

ಅವಳು ಎದ್ದು ಒಳಗೆ ಹೋದಳು. ಪೆಟ್ಟಿಗೆ ತೆರೆದ ಸದ್ದಾಯಿತು. ಒಂದು ಮರದ ಸ್ಕೇಲು ಹಿಡಿದು ಬಂದಳು, ಟ್ರೈನಿಂಗಿನ ಕಾಲದ್ದು, ಅಂಚಿನಲ್ಲಿ ಅವಳ ಹೆಸರಿತ್ತು. ನನ್ನ ಮುಂದೆ ಕೂತು ರಿಜಿಸ್ಟರನ್ನು ನೇರ ಮಾಡಿಕೊಂಡಳು. ಸಹಿಯ ಆಚೆ ಉಳಿದಿದ್ದ ಖಾಲಿ ಜಾಗದಲ್ಲಿ ಸ್ಕೇಲು ಒತ್ತಿ ಹಿಡಿದು ಮೇಲಿಂದ ಕೆಳಗೆ ಒಂದು ಗೆರೆ ಎಳೆದಳು. ಮೇಲೆ ತಲೆಬರಹ ಬರೆದಳು, ತೆಗೆದುಕೊಂಡವರು. ಪೆನ್ನು ನನ್ನ ಕಡೆ ಚಾಚಿದಳು.

ಪ್ರಭುಲಿಂಗ ಸಾಹೇಬರು ಈಗ ಎಲ್ಲ ಪುಟಗಳಿಗೂ ಆ ಐದನೇ ಗೆರೆ ಹಾಕಿಸಿದ್ದಾರೆ. ಬೆಂಚಿಗೆ ಬರುವ ವಸ್ತುಗಳು ಕಡಿಮೆಯಾಗಿವೆ. ಊರಲ್ಲಿ ಜಗಳ ಹೆಚ್ಚಾಗಿದೆ, ಶಾಂತಿ ಹೋಯಿತು ಎಂದು ಜನ ನನ್ನನ್ನು ಬಯ್ಯುತ್ತಾರೆ. ವನಮಾಲ ಅಕ್ಕನ ಊರಿಗೆ ಹೋಗಿ ಎರಡು ತಿಂಗಳಾಯಿತು, ಅಲ್ಲೊಂದು ಜಗಲಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳಂತೆ. ಬರುತ್ತಾಳೋ ಇಲ್ಲವೋ ಹೇಳಿಲ್ಲ, ನಾನು ಕೇಳಿಲ್ಲ. ಈಗಲೂ ಐದಕ್ಕೆ ಎದ್ದು ಠಾಣೆಗೆ ಹೋಗುತ್ತೇನೆ. ಖಾಲಿ ಬೆಂಚನ್ನು ಒರೆಸಿ, ರಿಜಿಸ್ಟರ್ ತೆರೆದು, ಆ ಪುಟಕ್ಕೆ ಬರುತ್ತೇನೆ. ಆ ಕಾಲಂನಲ್ಲಿ ಮೊದಲ ಹೆಸರು ನನ್ನದು.